ಬಿದ್ದರಷ್ಟೇ ಕಲಿಕೆ ಅಂತೇನಿಲ್ಲ

"ಬೀಳ್ತಾ ಇಲ್ಲ ಅಂದ್ರೆ ನೀನು ಕಲೀತಾ ಇಲ್ಲ" ಎಂಬ ಮಾತು ಮೌಂಟೇನ್ ಬೈಕಿಂಗ್‌ಗೆ, ಅಂದರೆ ಗುಡ್ಡಗಾಡಿನ ಕಚ್ಚಾ ದಾರಿಯಲ್ಲಿ ಸೈಕಲ್ ಓಡಿಸೋಕೆ, ಬರುವ ಹೊಸಬರ ನಡುವೆ ಓಡಾಡುತ್ತಿದೆ. ಜೊತೆಗೆ ಇನ್ನೊಂದು: ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ. ಎರಡೂ ತಪ್ಪು.

ಬೀಳುವುದು ಇದರಲ್ಲಿ ಇದ್ದದ್ದೇ. ಆದರೆ ಬೀಳುವಾಗ ತಾನಾಗೇ ಕೈ ಚಾಚಿಬಿಡುತ್ತೇವೆ, ಆ ಏಟು ಮಣಿಕಟ್ಟಿಗೋ ಕಾಲರ್ ಬೋನ್‌ಗೋ ಹೋಗುತ್ತದೆ, ಮೂಳೆ ಮುರಿದರೆ ವಾರಗಟ್ಟಲೆ ಸೈಕಲ್ ಮುಟ್ಟುವ ಹಾಗಿಲ್ಲ. ಆಗ ಕಲಿಯುವುದೇನು?

ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರದ ಕಡೆಗೆ ವಾಲುತ್ತದೆ, ಹಾಗಾಗಿ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದೂ ಅಲ್ಲೇ. ಇಳಿಜಾರಿನಲ್ಲಿ ಹಿಂದಿನದನ್ನಷ್ಟೇ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಪಲ್ಟಿಯಾಗುವುದು ಮುಂದಿನದನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದಾಗ, ಅದೂ ಮೈ ಮುಂದಕ್ಕೆ ಬಾಗಿದ್ದಾಗ. ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿ, ಹಿಮ್ಮಡಿ ಕೆಳಗಿಳಿಸಿ, ಸೊಂಟ ಸ್ವಲ್ಪ ಹಿಂದಿರಲಿ, ತಿರುವಿಗೆ ಮೊದಲೇ ವೇಗ ತಗ್ಗಿಸಿ.

ಟ್ರೇಲ್‌ಗಳಿಗೆ (ಸೈಕಲ್ ಓಡಿಸುವ ಕಚ್ಚಾ ದಾರಿಗಳಿಗೆ) ಹಸಿರು ಅಂದರೆ ಸುಲಭ, ನೀಲಿ ಅಂದರೆ ಮಧ್ಯಮ, ಕಪ್ಪು ಅಂದರೆ ಕಷ್ಟ ಅಂತ ಗುರುತು ಹಾಕಿರುವುದು ಚೆಂದಕ್ಕಲ್ಲ. ಕಷ್ಟದ ಜಾಗ ಬಂದರೆ ಇಳಿದು, ನಡೆದು ನೋಡಿ. ಬೇಡ ಅನ್ನಿಸಿದರೆ ತಳ್ಳಿಕೊಂಡು ಹೋಗಿ. ನಾನು ಈಗಲೂ ಹಾಗೇ ಮಾಡುತ್ತೇನೆ, ನಗುವವರು ನಗಲಿ. ಕೈ ಸೋತಿದ್ದರೂ ಮುಂದೆ ಹೋದ ಗೆಳೆಯನ ವೇಗ ಹಿಡಿಯಲು "ಇನ್ನೊಂದೇ ರೌಂಡ್" ಅಂತ ಹೊರಟು ಬಿದ್ದವನೂ ನಾನೇ! ಹಾಂ, ಜೋರಾಗಿ ಏಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ಒಳಗಿನ ಫೋಮ್ ಜಜ್ಜಿಹೋಗಿದ್ದರೆ ಮುಂದಿನ ಏಟನ್ನು ಮೊದಲಿನಂತೆ ತಡೆಯುವುದಿಲ್ಲ.