ಜನವರಿ ಒಂದರ ಕುದುರೆ, ಜೂನ್ ಒಂದರ ನಾನು

ಏಪ್ರಿಲ್ ಬಂತೆಂದರೆ ಲಿವರ್‌ಪೂಲಿನ ನಮ್ಮ ಆಫೀಸಿನಲ್ಲಿ ಒಂದು ವಾರ ಕೆಲಸ ನಡೆಯುವುದಿಲ್ಲ. ಏನ್‌ಟ್ರೀ ಮೈದಾನ ಊರಂಚಿನಲ್ಲೇ ಇದೆ, ಶನಿವಾರ ಅಲ್ಲಿ ಗ್ರ್ಯಾಂಡ್ ನ್ಯಾಷನಲ್, ಬೇಲಿ ಹಾರಿ ಓಡುವ ಕುದುರೆ ರೇಸು. ಉಳಿದ ಐವತ್ತೊಂದು ವಾರ ಕುದುರೆಯ ಮುಖ ನೋಡದವರೂ ಆಗ ಕುದುರೆ ಪಂಡಿತರು. ಅದನ್ನು ಹೇಗೋ ಸಹಿಸಬಹುದು. ಈ ಸಲ ಪಕ್ಕದ ಮೇಜಿನಾಕೆ ನನ್ನ ಕೀಬೋರ್ಡಿನ ಮೇಲೇ ಪೇಪರು ಹರಡಿ, "ನೀನು ಇಂಡಿಯಾದವನಲ್ವಾ? ಯಾವ ರಾಶಿಯ ಕುದುರೆಗೆ ದುಡ್ಡು ಕಟ್ಟಬೇಕು ಹೇಳು" ಅಂದಳು.

ಇಂಡಿಯಾದವನಿಗೆ ಯೋಗ ಬರುತ್ತದೆ, ಖಾರ ತಡೆಯುತ್ತದೆ, ಪ್ರಿಂಟರ್ ರಿಪೇರಿ ಗೊತ್ತು. ಇದೆಲ್ಲ ಕೇಳಿ ಕೇಳಿ ಸಾಕಾಗಿದೆ. ಈಗ ಕುದುರೆ ಜಾತಕವೂ ಸೇರಿತು. ಸಿಟ್ಟು ಬಂತು. ಆದರೂ ಪೇಪರು ಕೈಗೆತ್ತಿಕೊಂಡೆ. ಅಲ್ಲೇ ನಾನು ಕೆಟ್ಟೆ.

ಯಾಕೆಂದರೆ ಈ ದೇಶದ ರೇಸ್ ಕುದುರೆಗಳೆಲ್ಲ ಲೆಕ್ಕದಲ್ಲಿ ಹುಟ್ಟಿದ್ದು ಜನವರಿ 1ಕ್ಕೆ. ಮರಿಗಳು ನಿಜವಾಗಿ ನೆಲಕ್ಕೆ ಬೀಳುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ಒಳಗೆ. ಆದರೆ ವಯಸ್ಸಿನ ಲೆಕ್ಕ ಸುಲಭವಾಗಲೆಂದು ಎಲ್ಲಕ್ಕೂ ಹೊಸ ವರ್ಷದ ದಿನವೇ ಒಂದು ವರ್ಷ ತುಂಬಿಸುತ್ತಾರೆ. ಡಿಸೆಂಬರ್ 31ಕ್ಕೆ ಹುಟ್ಟಿದ ಪಾಪದ ಮರಿ ಮಾರನೇ ದಿನವೇ ಒಂದು ವರ್ಷದ್ದು. ಅಂದರೆ ಇಲ್ಲಿನವರ ರಾಶಿ ಲೆಕ್ಕಕ್ಕೆ ಶನಿವಾರ ಓಡುವ 34 ಕುದುರೆಗಳದ್ದೂ ಮಕರ ರಾಶಿ. ನಾಲ್ಕು ಮೈಲಿಗಿಂತ ಜಾಸ್ತಿ ದೂರ, 30 ಬೇಲಿ ಹಾರಬೇಕು, ಎಲ್ಲವೂ ಮಕರ! ಗೆಲ್ಲುವುದೂ ಮಕರ, ಬೀಳುವುದೂ ಮಕರ.

ಇದನ್ನು ಹೇಳಿ ನಗುವುದಕ್ಕೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ನನ್ನ ಪಾಸ್‌ಪೋರ್ಟಿನಲ್ಲಿರುವುದು ಜೂನ್ 1.

ನಮ್ಮೂರ ಶಾಲೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದಾಗ ಹೆಡ್‌ಮೇಷ್ಟ್ರು ಮೊದಲು ಕೇಳಿದ್ದು ಹೆಸರಲ್ಲ. "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ." ಬೆರಳ ತುದಿ ತಾಗಿತು. ನನ್ನ ಹಿಂದಿದ್ದ ಹುಡುಗನಿಗೆ ತಾಗಲಿಲ್ಲ. ಅವನ ಅಮ್ಮ ಮೊಣಕೈ ಹಿಡಿದು ಸ್ವಲ್ಪ ಒತ್ತಿದರು, ತಾಗಿತು. "ಯಾವಾಗ ಹುಟ್ಟಿದ್ದು?" ಅಂದರು ಮೇಷ್ಟ್ರು. ಅಪ್ಪ, "ಹಸ್ತ ಮಳೆ ಹೊಡೀತಿತ್ತು ಸ್ವಾಮಿ, ಕಡ್ಲೆಕಾಯಿ ಕೀಳೋಕೆ ಆಗಿರ್ಲಿಲ್ಲ" ಅಂದರು. ಇದಕ್ಕಿಂತ ಕರಾರುವಾಕ್ಕಾಗಿ ಯಾರು ಹೇಳಿಯಾರು? ಮೇಷ್ಟ್ರು ತಲೆ ಎತ್ತಲೂ ಇಲ್ಲ. ಜೂನ್ 1 ಎಂದು ಬರೆದರು. ಕಿವಿ ಮುಟ್ಟಿದವರಿಗೆಲ್ಲ ಜೂನ್ 1. ಒಂದನೇ ತರಗತಿಯಲ್ಲಿ ನಾವು ಇಪ್ಪತ್ತಾರು ಮಂದಿ, ಹೆಚ್ಚುಕಡಿಮೆ ಒಂದೇ ದಿನ ಹುಟ್ಟಿದವರು. ಇವತ್ತಿಗೂ ಜೂನ್ 1 ಬಂದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳುತ್ತೇವೆ. ನಾವೂ ಒಂದು ಲಾಯದವರೇ.

ರಾತ್ರಿ ಸೋದರಮಾವನಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾರೆ, ಪಂಚಾಂಗ ಬಾಯಲ್ಲೇ ಇದೆ.

"ಜನವರಿ 1 ಹೆಂಗೋ ಮಕರ ಆಯ್ತದೆ? ಸಂಕ್ರಾಂತಿಗೆ ಇನ್ನೂ ಹದಿನಾಲ್ಕು ದಿನ ಇರ್ತದಲ್ಲ. ಧನುರ್ಮಾಸ ಅದು."

"ಧನುಸ್ಸು ಅಂದ್ರೆ ಒಳ್ಳೇದೇ ಅಲ್ವಾ ಮಾವ? ಆ ಬಿಲ್ಲುಗಾರ ಅರ್ಧ ಕುದುರೆ ತಾನೇ?"

"ಧನುರ್ಮಾಸದಲ್ಲಿ ಮದುವೇನೇ ಮಾಡಲ್ಲ, ಜೂಜಾಡ್ತೀಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ಇಳಿಸಿದರು. "ಅಲ್ಲಾ ಕಣೋ, ಪ್ರಾಣಿಗೆ ಯಾರಾದ್ರೂ ರಾಶಿ ನೋಡ್ತಾರಾ? ಸುಳಿ ನೋಡ್ಬೇಕು. ಹಣೆ ಮೇಲಿನ ಸುಳಿ ನೆಟ್ಟಗಿರ್ಬೇಕು. ಬೆನ್ನ ಮೇಲೆ ಬೇಡ್ದಿರೋ ಜಾಗದಲ್ಲಿ ಸುಳಿ ಇದ್ರೆ ಬಿಟ್ಟಾಕು. ನಿಮ್ಮಪ್ಪ ನನ್ನ ಮಾತು ಕೇಳ್ದೆ ತಂದ ಎತ್ತು ಏನಾಯ್ತು?"

ಆ ಎತ್ತಿನ ಕತೆ ಮುಕ್ಕಾಲು ಗಂಟೆ ನಡೆಯಿತು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಎತ್ತಿನ ವಿಷಯದಲ್ಲಿ ಮಾವ ಇನ್ನೂ ಅವರನ್ನು ಕ್ಷಮಿಸಿಲ್ಲ.

ಮಾರನೇ ದಿನ ಪಕ್ಕದ ಮೇಜಿನಾಕೆಗೆ ರಾಶಿ ಕೆಲಸಕ್ಕೆ ಬರುವುದಿಲ್ಲ ಎಂದೆ. ಅವಳು ಬಿಡಲಿಲ್ಲ. ರೆಡ್ ರಮ್ ಎಂಬ ಕುದುರೆ ನಿಜವಾಗಿ ಹುಟ್ಟಿದ್ದು 1965ರ ಮೇ 3, ಅಪ್ಪಟ ವೃಷಭ, 1973, 1974, 1977ರಲ್ಲಿ ಮೂರು ಸಲ ಇದೇ ರೇಸ್ ಗೆದ್ದ, ನಡುವಿನ ಎರಡು ವರ್ಷ ಎರಡನೆಯವನು, ಇದಕ್ಕೇನು ಹೇಳುತ್ತೀಯ ಎಂದಳು. ಈ ಊರಲ್ಲಿ ರೆಡ್ ರಮ್ ಹೆಸರೆತ್ತಿದ ಮೇಲೆ ವಾದ ಮುಗಿದಂತೆ. ಅವನನ್ನು ಹೂತಿರುವುದೇ ಆ ಮೈದಾನದ ಗೆಲುವಿನ ಕಂಬದ ಪಕ್ಕ. ನಾನೂ ಬಿಡದೆ ಫೊಯ್ನಾವನ್ ಎಂಬ ಇನ್ನೊಂದು ಕುದುರೆಯ ಹೆಸರು ತೆಗೆದೆ. 1967ರಲ್ಲಿ, 23ನೇ ಬೇಲಿಯ ಹತ್ತಿರ, ಸವಾರನಿಲ್ಲದ ಒಂದು ಕುದುರೆ ಅಡ್ಡ ನುಗ್ಗಿತು. ಹಿಂದಿದ್ದವೆಲ್ಲ ಒಂದರ ಮೇಲೊಂದು ಮುಗ್ಗರಿಸಿದವು. ಫೊಯ್ನಾವನ್ ತುಂಬಾ ಹಿಂದಿತ್ತು. ನಿಧಾನಕ್ಕೆ ಬಂತು, ಸಂದಿ ನೋಡಿತು, ಹಾರಿತು, ಗೆದ್ದಿತು. ಒಂದಕ್ಕೆ ನೂರರ ದರ. ಆ ಬೇಲಿಗೆ ಈಗ ಅದರದೇ ಹೆಸರು. "ಅದರ ರಾಶಿ ಯಾವುದು?" ಎಂದೆ. "ಸೋಮಾರಿ ರಾಶಿ" ಎಂದಳು. ಅವಳ ಮೇಲೆ ಸ್ವಲ್ಪ ಗೌರವ ಬಂತು.

ಶನಿವಾರ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಸುಳಿ ಹುಡುಕಿದೆ. ಕ್ಯಾಮೆರಾದವನಿಗೆ ಕುದುರೆಗಿಂತ ಹೆಂಗಸರ ಟೋಪಿಗಳ ಮೇಲೇ ಪ್ರೀತಿ. ಕಡೆಗೆ ಒಂದು ಕಂದು ಕುದುರೆಯ ಹಣೆಯ ಮೇಲೆ ಸುಳಿಯಂಥದ್ದೇನೋ ಕಂಡಿತು. ಎರಡು ಪೌಂಡ್ ಕಟ್ಟಿದೆ. ಅದು ಮೂರನೇ ಬೇಲಿಯಲ್ಲಿ ಸವಾರನನ್ನು ಕೆಡವಿ, ಕಿವಿ ನಿಮಿರಿಸಿಕೊಂಡು ಒಂದೇ ಓಡಿತು. ಬಹಳ ಹೊತ್ತು ಎಲ್ಲರಿಗಿಂತ ಮುಂದೆಯೂ ಇತ್ತು. ಸವಾರನಿಲ್ಲದೆ ಮುಂದಿದ್ದರೆ ಲೆಕ್ಕಕ್ಕಿಲ್ಲವಂತೆ. ಯಾವ ನ್ಯಾಯ ಇದು?

"ಸುಳಿ ಎಡಕ್ಕೆ ತಿರುಗಿತ್ತೇನೋ?" ಎಂದರು ಮಾವ.

ಜೂನ್ 1ಕ್ಕೆ ಆಫೀಸಿನವರು ಕೇಕ್ ತಂದರು. ಪಕ್ಕದ ಮೇಜಿನಾಕೆ ಮೇಣದಬತ್ತಿ ಹಚ್ಚುತ್ತಾ, ಮಿಥುನ ರಾಶಿಯವರು ಬಾಯಿಬಡುಕರು, ನಿನ್ನನ್ನು ನೋಡಿದರೇ ಗೊತ್ತಾಗುತ್ತದೆ ಎಂದಳು. ಹಸ್ತ ಮಳೆ, ಕಡ್ಲೆಕಾಯಿ, ಎಲ್ಲ ಹೇಳೋಣ ಅನ್ನಿಸಿತು. ಅಷ್ಟರಲ್ಲಿ ತಟ್ಟೆ ಕೈಗೆ ಬಂತು.