ಎಂಟು ಬಂತು, ನೀರು ಬರಲಿಲ್ಲ

ನಮ್ಮ ತಾರಸಿಯ ಮೇಲೆ 500 ಲೀಟರಿನ ಕಪ್ಪು ಟ್ಯಾಂಕಿದೆ. ನೀರೆಷ್ಟಿದೆ ಎಂದು ತಿಳಿಯಬೇಕಾದರೆ ಅಪ್ಪ ಮೆಟ್ಟಿಲು ಹತ್ತಿ ಹೋಗಿ, ಬೆರಳ ಗೆಣ್ಣಿನಿಂದ ಅದರ ಹೊಟ್ಟೆ ಬಡಿದು, ಹಲಸಿನಹಣ್ಣು ಕೊಳ್ಳುವವರ ಹಾಗೆ ಕಿವಿಗೊಟ್ಟು ಕೇಳುತ್ತಾರೆ. ಎಪ್ಪತ್ತು ದಾಟಿದ ಮಂಡಿಗೆ ಈ ಕಷ್ಟ ಯಾಕೆ ಎಂದು, ಅಡುಗೆಮನೆ ಗೋಡೆಗೊಂದು ಮೀಟರು ಮಾಡಿಕೊಡುತ್ತೇನೆ ಎಂದುಬಿಟ್ಟೆ. ಎಲೆಕ್ಟ್ರಾನಿಕ್ಸ್ ಓದಿಸಿದ್ದು ಇಷ್ಟು ವರ್ಷದ ಮೇಲಾದರೂ ಮನೆಗೆ ಬಂತಲ್ಲ ಎಂದು ಅಮ್ಮನಿಗೆ ಖುಷಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಸಿರು ಬೆಳಕಿನ, ಎರಡು ಸಾಲಿನ ರೆಡಿಮೇಡ್ ಡಿಸ್‌ಪ್ಲೇ ಸಿಗುತ್ತಿತ್ತು. ಆದರೆ ಆ ಬೆಳಕು ಬ್ಯಾಟರಿ ಕುಡಿಯುತ್ತದೆ. ನನಗೆ ಬೇಕಿದ್ದದ್ದು ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವರ್ಷ ತಳ್ಳುವಂಥದ್ದು. ಹಾಗಾಗಿ ಕೈಗಡಿಯಾರದಲ್ಲಿರುತ್ತದಲ್ಲ, ಅಂಥ ಅಂಕಿ ಮೂಡುವ ಬರೀ ಎಲ್‌ಸಿಡಿ ಗಾಜು ತಂದೆ. ಅದನ್ನು ನಡೆಸುವ ಸರ್ಕ್ಯೂಟು, ಅಂದರೆ ಡ್ರೈವರ್, ನಾನು ಆರಿಸಿದ್ದ ಎಸ್‌ಟಿಎಂ32ಎಲ್1 ಚಿಪ್ಪಿನ ಒಳಗೇ ಇತ್ತು.

"ಸೆಲ್ ಮುಟ್ಟಿಸಿ ಟೆಸ್ಟ್ ಮಾಡ್ಬೇಡಿ ಸಾರ್, ಗಾಜು ಸತ್ತೋಗುತ್ತೆ" ಅಂದಿದ್ದ ಅಂಗಡಿಯವನು. ಮಾತು ನಿಜ. ಇದಕ್ಕೆ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಆಗಿಬರುವುದಿಲ್ಲ. ತೊಟ್ಟಿಲು ತೂಗಿದಂತೆ ವೋಲ್ಟೇಜನ್ನು ಆ ಕಡೆ ಈ ಕಡೆ ತೂಗುತ್ತಲೇ ಇರಬೇಕು. ಚಿಪ್ಪಿಗೆ ತಾಳ ಹಾಕುವ, ಸೆಕೆಂಡಿಗೆ 32,768 ಸಲ ಮಿಡಿಯುವ ಗಡಿಯಾರವನ್ನು 272ರಿಂದ ಭಾಗಿಸಿ ಗಾಜಿನ ನಾಲ್ಕು ಕಾಮನ್‌ಗಳಿಗೆ (ಹಲವು ಗೀಟುಗಳು ಹಂಚಿಕೊಳ್ಳುವ ತಂತಿಗಳಿಗೆ) ಹಂಚಿದರೆ ಸೆಕೆಂಡಿಗೆ 30 ಸಲ ತೂಗುತ್ತದೆ. "ಮಿಣಮಿಣ ಅಂತಿದೆ ಕಣೋ" ಎಂದು ಅಮ್ಮ ರಾಗ ಎಳೆದಾಳೆಂದು 272ರ ಬದಲು 80 ಹಾಕಿ 102ಕ್ಕೆ ಏರಿಸಿದೆ.

ಶನಿವಾರ ರಾತ್ರಿ ಪ್ರೋಗ್ರಾಂ ಹಾಕಿದರೆ ಗಾಜು ಬೋಳು. ಸುಮಾರು 900 ಪುಟದ ಕೈಪಿಡಿ ತಿರುವಿದೆ. ಗಡಿಯಾರ ಆರಿಸುವ ರಿಜಿಸ್ಟರಿಗೆ (ಚಿಪ್ಪಿನ ಸೆಟ್ಟಿಂಗ್ ಬರೆಯುವ ಖಾನೆಗೆ) ಮೊದಲೇ ಬೀಗ ಬಿದ್ದಿರುತ್ತದಂತೆ. ಡಿಬಿಪಿ ಎಂಬ ಬಿಟ್, ಅಂದರೆ ಪುಟ್ಟ ಸ್ವಿಚ್ಚು, ಎತ್ತದ ಹೊರತು ಏನು ಬರೆದರೂ ಅದು ಕಿವುಡು. ಬೀಗ ತೆಗೆದೆ. ಆಗಲೂ ಬೋಳು. ಒಂದು ಗಂಟೆ ಹೊತ್ತಿಗೆ ಕಣ್ಣಿಗೆ ಬಿತ್ತು: ಮೆಮೊರಿಗೆ ಬರೆದರಷ್ಟೇ ಸಾಲದು, ಯುಡಿಆರ್ ಎಂಬ ಇನ್ನೊಂದು ಬಿಟ್ ಒತ್ತಿ 'ಇನ್ನು ತೋರಿಸಪ್ಪಾ' ಅನ್ನಬೇಕು. ಕಾಗದವೆಲ್ಲ ಸರಿಯಿದ್ದೂ ಸೀಲು ಬೀಳದ ಕಡತದ ಕಥೆ. ಸೀಲು ಒತ್ತಿದೆ, 8888 ಬಂತು! ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಎಂಟು" ಅಂದು ಮಗ್ಗುಲು ಬದಲಿಸಿದಳು. ಸೆನ್ಸರ್ ಜೋಡಿಸಿದರೆ 80, ಅಂದರೆ ಟ್ಯಾಂಕಿನಲ್ಲಿ ನೂರಕ್ಕೆ ಎಂಬತ್ತು ಭಾಗ ನೀರು. ಅಪ್ಪ ಅಷ್ಟು ಹೊತ್ತಿಗೇ ಎದ್ದು ಹೋಗಿ ಬಡಿದು ಬಂದು, ಹೌದೆಂದರು.

ಭಾನುವಾರ ಬಟ್ಟೆ ಒಗೆತ, ಮನೆ ಒರೆತ ಮುಗಿದಾಗ ಮೀಟರು 55 ಅನ್ನುತ್ತಿತ್ತು. ಅರ್ಧಕ್ಕಿಂತ ಮೇಲಿದೆಯೆಂದು ಅಮ್ಮ ಧೈರ್ಯವಾಗಿ ಅಪ್ಪನ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಹೆಂಡತಿ ಕೂಗಿದಳು: "ರೀ, ಇದರಲ್ಲಿ ಇಂಗ್ಲಿಷ್ 'ಇ' ಬಂದಿದೆ, ಪಕ್ಕದಲ್ಲೊಂದು ಸೊನ್ನೆ!"

"ಏನೋ ಎರರ್ ಇರಬೇಕು, ಕಾಫಿ ಕುಡಿದು ನೋಡ್ತೀನಿ."

ಕಾಫಿ ಮುಗಿಯುವುದರೊಳಗೆ ಬಚ್ಚಲಿನಿಂದ ಅಪ್ಪನ ದನಿ. "ಲೋ, ನಲ್ಲಿ ನಿಂತೋಯ್ತು! ಏನನ್ನತ್ತೆ ನಿನ್ನ ಮೀಟರು?"

ಮೀಟರು 3 ಅನ್ನುತ್ತಿತ್ತು. ನಿಜಕ್ಕೂ ಇದ್ದದ್ದು 5. ಕಣ್ಣಿಗೆ ಸೀಗೆಪುಡಿ ಇಳಿಯುತ್ತಿರುವವರಿಗೆ ಈ ವ್ಯತ್ಯಾಸ ವಿವರಿಸಲು ಹೋಗಬಾರದು.

ಮೋಟರು ಹಾಕೋಣವೆಂದರೆ ಕರೆಂಟಿಲ್ಲ. ಸಂಪಿನಿಂದ ಮೂರು ಬಕೆಟ್ ತಣ್ಣೀರು ಹೊತ್ತೆ. ಇಡೀ ಮನೆಯಲ್ಲಿ ಬ್ಯಾಟರಿ ಬಲದಿಂದ ಠೀವಿಯಾಗಿ ನಡೆಯುತ್ತಿದ್ದದ್ದು ಆ ಮೀಟರೊಂದೇ.

ಆಮೇಲೆ ಕೋಡು ಬಿಚ್ಚಿದೆ. ಅಂಕಿಯ ಏಳು ಗೀಟುಗಳಿಗೆ ಎ ಇಂದ ಜಿ ತನಕ ಹೆಸರು. ಮೇಲೆ ಬಲಕ್ಕಿರುವುದು ಬಿ, ಎಡಕ್ಕಿರುವುದು ಎಫ್. ನನ್ನ ಟೇಬಲ್ಲಿನಲ್ಲಿ ಇವೆರಡೂ ಅದಲುಬದಲು. ಎಂಟರಲ್ಲಿ ಏಳೂ ಗೀಟು ಮೂಡುವುದರಿಂದ ಯಾವುದು ಯಾವುದರ ಜಾಗದಲ್ಲಿ ಕೂತಿದೆ ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಸೊನ್ನೆ, ನಾಲ್ಕು, ಒಂಬತ್ತರಲ್ಲೂ ಇಬ್ಬರೂ ಹಾಜರು, ಹಾಗಾಗಿ ಅವೂ ಸರಿ. ಆದರೆ ಮೂರರಲ್ಲಿ ಬಿ ಮಾತ್ರ, ಐದರಲ್ಲಿ ಎಫ್ ಮಾತ್ರ. ನನ್ನ ಮನೆಯಲ್ಲಿ ಮೂರೆಂದರೆ ಐದು, ಐದೆಂದರೆ ಮೂರು. ಎರಡು ಮಾತ್ರ ಇಂಗ್ಲಿಷಿಗೆ ಮತಾಂತರವಾಗಿತ್ತು. ಬೆಳಿಗ್ಗೆಯ 55 ಅಸಲಿಗೆ 33.

ಎರಡು ಸಾಲು ತಿದ್ದಿ, ಸೊನ್ನೆಯಿಂದ ನೂರರ ತನಕ ಒಂದೊಂದೇ ಅಂಕಿ ಓಡಿಸಿ ನೋಡಿದೆ. ಸಂಜೆ ಟ್ಯಾಂಕು ತುಂಬಿ ಮೀಟರು 97 ಅಂದಾಗ ಎಲ್ಲರನ್ನೂ ಕರೆದೆ. ಅಪ್ಪ ಕನ್ನಡಕ ಏರಿಸಿ ಅದನ್ನೇ ದಿಟ್ಟಿಸಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ತಾರಸಿಯ ಮೆಟ್ಟಿಲು ಹತ್ತತೊಡಗಿದರು.