ಭಾವ, ಕಾಂಕ್ರೀಟು ಮತ್ತು ಚಿತ್ರಾನ್ನ

ತುರಿಕೆ ಗಿಡ ತಾಗಿದ ಕಾಲು ಇನ್ನೂ ಉರೀತಾ ಇದೆ. ಕೋಪ ಆರುವ ಮುಂಚೆ ಬರೆದುಬಿಡುತ್ತೇನೆ.

ಇಂಗ್ಲೆಂಡಿನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆಲ್ಲ ಗೊತ್ತಿರುವ ವಿಷಯವೇ. ಬೇಸಿಗೆ ಬಂತು ಅಂದರೆ ಊರಿಂದ ನೆಂಟರು ಬರುತ್ತಾರೆ. ಅರಮನೆ, ಮ್ಯೂಸಿಯಂ ಎಲ್ಲ ಮುಗಿದ ಮೇಲೆ ಸಮುದ್ರ ತೋರಿಸು ಅಂತಾರೆ. ಹಾಗಾಗಿ ಅಕ್ಕ, ಭಾವ ಇಬ್ಬರನ್ನೂ ಸಸೆಕ್ಸ್‌ನ ಕಕ್‌ಮೀರ್ ಹೇವನ್‌ಗೆ ಕರಕೊಂಡು ಹೋದೆ. ಬ್ರೈಟನ್‌ನಿಂದ ಬಸ್ಸು. ಇಳಿದು ಸುತ್ತಿ ಬಳಸಿ ಹರಿಯುವ ನದಿಯ ಪಕ್ಕದಲ್ಲೇ ನಡೆದರೆ ಕಡಲು, ಎಡಕ್ಕೆ ಸೆವೆನ್ ಸಿಸ್ಟರ್ಸ್ ಅನ್ನುವ ಬೆಳ್ಳನೆಯ ಸುಣ್ಣದ ಬಂಡೆಗಳು. ಪ್ರಪಂಚದ ಜನ ಅದರ ಫೋಟೊ ತೆಗೆಯೋಕೇ ಬರೋದು.

ಭಾವ ಮಾತ್ರ ಬಂಡೆಗೆ ಬೆನ್ನು ಹಾಕಿ ನಿಂತರು. ಅವರ ಕಣ್ಣಿಗೆ ಬಿದ್ದಿದ್ದು ಗಿಡಗಳ ನಡುವೆ ಕೂತಿದ್ದ ಕಾಂಕ್ರೀಟ್ ಗೂಡು. ಪಿಲ್‌ಬಾಕ್ಸ್, ಅಂದರೆ ಸೈನಿಕರು ಒಳಗೆ ಕೂತು ಕಿಂಡಿಯಿಂದ ಗುಂಡು ಹಾರಿಸೋಕೆ ಕಟ್ಟಿದ ಗೂಡು.

ಭಾವ ನಿವೃತ್ತ ಸಿವಿಲ್ ಇಂಜಿನಿಯರ್. ಅವರಿಗೊಂದು ಚಾಳಿ. ಎಲ್ಲಿ ಕಾಂಕ್ರೀಟ್ ಕಂಡರೂ ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಟಕ್ ಟಕ್ ಅಂತ ಕುಟ್ಟಬೇಕು, ಕಿವಿ ಇಡಬೇಕು, ಕಣ್ಣು ಮುಚ್ಚಬೇಕು, ಆಮೇಲೆ ತೀರ್ಪು. ನಮ್ಮ ಚಿಕ್ಕಪ್ಪನ ಗೃಹಪ್ರವೇಶದಲ್ಲಿ ಹೋಮ ನಡೀತಿರುವಾಗಲೇ ಪಿಲ್ಲರ್ ಕುಟ್ಟಿ 'ಕ್ಯೂರಿಂಗ್ ಸಾಲದು' ಅಂದವರು. ಇಲ್ಲಿ ಪೌಂಡಿನ ನಾಣ್ಯ ಕೊಟ್ಟರೆ ಬೇಡ ಅಂದರು. ನಾದ ಸರಿ ಬರಲ್ವಂತೆ.

ಈ ಗೂಡುಗಳ ಕಥೆ ಹೀಗೆ. 1940ರಲ್ಲಿ ಬ್ರಿಟಿಷ್ ಸೈನ್ಯ ಟ್ಯಾಂಕು, ಫಿರಂಗಿ ಎಲ್ಲ ಬಿಟ್ಟು ಫ್ರಾನ್ಸಿನ ಡನ್‌ಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂತಲ್ಲ, ಆಮೇಲೆ ಹಿಟ್ಲರ್ ಇವತ್ತು ಬರ್ತಾನೆ ನಾಳೆ ಬರ್ತಾನೆ ಅನ್ನುವ ಭಯದಲ್ಲಿ ಕೆಲವೇ ತಿಂಗಳಲ್ಲಿ ದೇಶದ ತುಂಬ ಕಟ್ಟಿದರು. ಒಟ್ಟು ಸುಮಾರು 28,000 ಅಂತ ಲೆಕ್ಕ. ಕೆಲವಕ್ಕೆ ಹುಲ್ಲಿನ ಬಣವೆಯ ವೇಷ, ಕೆಲವಕ್ಕೆ ಅಂಗಡಿಯ ವೇಷ. ಕಕ್‌ಮೀರ್‌ನಲ್ಲಿ ಟ್ಯಾಂಕ್ ತಡೆಯೋಕೆ ಗೋಡೆಯೂ ಇದೆ, ಹಲ್ಲಿನಂಥ ಕಾಂಕ್ರೀಟ್ ಗೂಟಗಳೂ ಇವೆ. ಕಟ್ಟಿಸಿದ್ದು ಆಗ ದೇಶ ಕಾಯುವ ಸೈನ್ಯದ ಮುಖ್ಯಸ್ಥರಾಗಿದ್ದ ಜನರಲ್ ಐರನ್‌ಸೈಡ್. ಜುಲೈನಲ್ಲಿ ಅವರ ಜಾಗಕ್ಕೆ ಬಂದ ಬ್ರೂಕ್ ಅವರಿಗೆ ಹೀಗೆ ಒಂದೇ ಕಡೆ ಕೂತು ಕಾಯುವುದು ಹಿಡಿಸಲಿಲ್ಲ. ಇದನ್ನು ಹೇಳಿದ್ದೇ ತಡ, ಭಾವನಿಗೆ ಸ್ವಂತ ಊರಿಗೇ ಬಂದಷ್ಟು ಖುಷಿ. "ಎಲ್ಲಾ ಕಡೆ ಹೀಗೇ ಕಣೋ. ಹೊಸ ಆಫೀಸರ್ ಬಂದ ಅಂದ್ರೆ ಹಳೇ ಆಫೀಸರ್ ಕಾಮಗಾರಿ ದಂಡ."

ಹೊರಗೆ ಕುಟ್ಟಿದ್ದು ಸಾಕಾಗಲಿಲ್ಲ. ಗೋಡೆಯ ದಪ್ಪ ನೋಡಬೇಕು, ಒಳಗೆ ಬಾರೋ ಅಂತ ನನ್ನನ್ನೂ ಎಳೆದರು. ತುರಿಕೆ ಗಿಡ ಸವರಿದ್ದು ಆಗಲೇ. ಬಾಗಿಲು ಗಿಡ್ಡ, ಸೊಂಟ ಮುರಿಯುವಷ್ಟು ಬಗ್ಗಬೇಕು. ಒಳಗೆ ಬಿಯರ್ ಡಬ್ಬ, ಚಿಪ್ಸ್ ಪೊಟ್ಟಣ, ಜೊತೆಗೆ ಯಾವ ದೇಶಕ್ಕೆ ಹೋದರೂ ಬದಲಾಗದ ಆ ವಾಸನೆ. ಗಂಡಸರಿಗೆ ಮೂಲೆ ಕಂಡರೆ ಸಾಕು, ಅಲ್ವಾ. ನಾನು ಮೂಗು ಮುಚ್ಚಿ ನಿಂತಿದ್ದೆ. ಭಾವ ಟಕ್ ಟಕ್.

ಹೊರಗೆ ಅಕ್ಕನಿಗೆ ತಲೆ ಕೆಟ್ಟಿತ್ತು. "ರೀ, ಗಂಟೆ ಎರಡಾಯ್ತು, ಶುಗರ್ ಮಾತ್ರೆ ತಗೊಂಡಿದೀರ, ಬಂದು ತಿನ್ನಿ." ಇವರು "ಬಂದೆ ಕಣೇ" ಅಂತಾರೆ, ಬರಲ್ಲ. ಕೊನೆಗೆ ಅಕ್ಕ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನೇ ಬಂದೂಕಿನ ಕಿಂಡಿಯಿಂದ ಒಳಗೆ ತಳ್ಳಿದಳು. ಕಿಂಡಿ ಹೊರಗೆ ಅಗಲ, ಒಳಗೆ ಇಕ್ಕಟ್ಟು. ಡಬ್ಬಿ ನಡುವೆ ಸಿಕ್ಕಿಕೊಂಡಿತು. ಈ ಕಡೆಯಿಂದ ಭಾವ ಎಳೆಯೋದು, ಆ ಕಡೆಯಿಂದ ಅಕ್ಕ ನೂಕೋದು. ಅಷ್ಟರಲ್ಲಿ ನಾಯಿ ಹಿಡಿದ ಇಂಗ್ಲಿಷ್ ದಂಪತಿ ಬಂದರು. ಅವರಿಗೆ ಕಂಡಿದ್ದೇನು? ಸೀರೆಯ ಮೇಲೆ ಜಾಕೆಟ್ ಹಾಕಿದ ಹೆಂಗಸೊಬ್ಬಳು ಯುದ್ಧದ ಕೋಟೆಯ ಜೊತೆ ಜಗಳ ಆಡುತ್ತಿದ್ದಾಳೆ, ಒಳಗಿಂದ ಒಂದು ಕೈ ಬಂದು ಡಬ್ಬಿ ತಡಕುತ್ತಿದೆ. ಮುಚ್ಚಳ ಹಾರಿತು. ಕಡ್ಲೆಬೀಜ, ಕರಿಬೇವು, ಹಳದಿ ಅನ್ನ ಎಲ್ಲ ಕಿಂಡಿಯ ತುಂಬ. ನಾಯಿ ಬೊಗಳಲಿಲ್ಲ, ಮರ್ಯಾದೆಯಿಂದ ಬಂದು ನೆಲಕ್ಕೆ ಬಿದ್ದಿದ್ದನ್ನು ನೆಕ್ಕಿತು. ಆ ಪುಣ್ಯಾತ್ಮರು ನಮಗೇ ಸಾರಿ ಹೇಳಿದರು. ಭಾವ ಒಳಗಿಂದಲೇ ಕೂಗಿದರು: "ನೋಡಿದ್ಯಾ ಡಿಸೈನು! ಏನೂ ಒಳಗೆ ಬರಲ್ಲ."

ಉಳಿದ ಅನ್ನ ಬಾಚಿ ಡಬ್ಬಿಗೆ ಹಾಕುವಾಗ ಹೋಮ್ ಗಾರ್ಡ್ ವಿಷಯ ಹೇಳಿದೆ. 17ರಿಂದ 65 ವರ್ಷದವರೆಗಿನ ಮಾಮೂಲಿ ಜನ, ಹಗಲು ಅವರವರ ಕೆಲಸ, ರಾತ್ರಿ ಕಾವಲು. ಭಾವನಿಗೆ ಈಗ 64. "ಅಂದ್ರೆ ನನ್ನನ್ನೂ ಕೂರಿಸ್ತಿದ್ರು" ಅಂದರು. ಕಿಂಡಿಯಿಂದ ಸಮುದ್ರ ನೋಡಿದರು. ಅಷ್ಟು ಹೊತ್ತು ನಾಣ್ಯ ಕೈಯಲ್ಲೇ ಇತ್ತು. ಕುಟ್ಟಲಿಲ್ಲ. ಹಿಟ್ಲರ್ ಬರಲೇ ಇಲ್ಲ, ಸೆಪ್ಟೆಂಬರ್‌ನಲ್ಲೇ ದಾಳಿ ಮುಂದಕ್ಕೆ ಹಾಕಿದ. ಆದರೆ ಇಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು, ಪಾಪ. ರಾತ್ರಿಯೆಲ್ಲ ಚಳಿಯಲ್ಲಿ ಈ ಅಂಗೈ ಅಗಲದ ಸಮುದ್ರ ನೋಡ್ತಾ ಕೂತಿರಬೇಕು.

ಬಸ್ಸಿನಲ್ಲಿ ಬರುವಾಗ ನನ್ನ ಬಾಯಿ ಸುಮ್ನೆ ಇರಲಿಲ್ಲ. ಪೂರ್ವ ಕರಾವಳಿಯಲ್ಲಿ ದಂಡೆ ಕೊರೆದು ಪಿಲ್‌ಬಾಕ್ಸ್‌ಗಳು ಬೀಚಿಗೆ ಉರುಳಿವೆ ಅಂದೆ. ಭಾವ ನೆಟ್ಟಗೆ ಕೂತರು. "ಫೌಂಡೇಶನ್ ಹೋಯ್ತೋ, ಮಣ್ಣು ಹೋಯ್ತೋ? ನೋಡ್ಲೇಬೇಕು. ಬರೋ ಭಾನುವಾರ?"

ಅಕ್ಕ ಕಿಟಕಿಯಿಂದ ತಿರುಗದೆ ಅಂದಳು: "ಇಬ್ರೂ ಹೋಗಿ ಬನ್ನಿ. ಡಬ್ಬಿ ಮಾತ್ರ ಸಣ್ಣದು ತಗೊಂಡು ಹೋಗಿ."